ಎಲ್ಲಿಟ್ಟರೂ ನಡೆಯುತ್ತದೆಯೇ?

ತೆಲಿಗಿಯಲ್ಲಿ ಹುಟ್ಟಿದವಳಿಗೆ ದೋಣಿಯ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಕೇಳಲಿ, ತಪ್ಪಿಲ್ಲ. ಹರಪನಹಳ್ಳಿ ಸೀಮೆಯ ನಮಗೆ ನೀರೆಂದರೆ ಕೆರೆ, ಕಾಲುವೆ, ಬೋರು. ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು. ಆದರೆ ನಮ್ಮ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆ, ಹಡಗಲಿ ದಾಟಿ ಹಗರಿಬೊಮ್ಮನಹಳ್ಳಿಯ ಕಡೆ ಬರುವಷ್ಟರಲ್ಲಿ ಹೊಳೆಯಾಗಿ ಉಳಿಯುವುದಿಲ್ಲ. 1953ರಲ್ಲಿ ಅಣೆಕಟ್ಟಿನಲ್ಲಿ ನೀರು ನಿಂತಂದಿನಿಂದ ಅದು ಕಣ್ಣು ಹಾಯಿಸಿದಷ್ಟು ದೂರದ ಹಿನ್ನೀರು. ಹೂವು ತುಂಬಿಕೊಂಡು ವಿಜಯನಗರಕ್ಕೆ ಹೋಗುತ್ತಿದ್ದ ಹಡಗುಗಳಿಂದಲೇ ಹೂವಿನಹಡಗಲಿಗೆ ಆ ಹೆಸರು ಬಂತೆಂದು ನಮ್ಮ ಕಡೆ ಹೇಳುತ್ತಾರೆ. 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿಕೊಂಡಿದ್ದ ಹರಿಗೋಲುಗಳಲ್ಲಿ ಹದಿನೈದಿಪ್ಪತ್ತು ಜನ ಹೊಳೆ ದಾಟುವ ಸಂಗತಿಯನ್ನು ಬರೆದಿಟ್ಟಿದ್ದಾನೆ. ಅಂದಮೇಲೆ ದೋಣಿಯ ಮಾತು ನಮಗೇನೂ ಪರಕೀಯವಲ್ಲ.

ಇನ್ನು ಬ್ಯಾಟರಿಯ ಮಾತು. ನಾನು ಮದುವೆಯಾಗಿ ಬಂದದ್ದು ಬ್ಯಾಟರಿ ಅಂಗಡಿಯವರ ಮನೆಗೆ. ನಮ್ಮವರು ರಿಪೇರಿಗೆ, ಫಿಟ್ಟಿಂಗಿಗೆ ಎಂದು ಊರೂರು ತಿರುಗಿದರೆ ಗಲ್ಲಾ ಪೆಟ್ಟಿಗೆಯ ಹಿಂದೆ ಕುಳಿತು ಇಪ್ಪತ್ತು ವರ್ಷ ಕಳೆದವಳು ನಾನು. ಟ್ರ್ಯಾಕ್ಟರಿನವರು ಬರುತ್ತಾರೆ, ಇನ್ವರ್ಟರಿನವರು ಬರುತ್ತಾರೆ, ಹಿನ್ನೀರಿನ ಮೀನುಗಾರರೂ ಬರುತ್ತಾರೆ. ಸಂಜೆ ಬಲೆ ಬಿಟ್ಟು, ಬೆಳಗಿನ ಜಾವ ಎಳೆಯುವ ಕೆಲಸ ಅವರದು. ಕತ್ತಲಲ್ಲಿ ದೀಪ ಬೇಕು. ದೀಪಕ್ಕೆ ಬ್ಯಾಟರಿ ಬೇಕು. ಹರಿಗೋಲಿನವರು ಕೈಯಲ್ಲಿ ಎತ್ತುವಂಥ ಎರಡೂವರೆ ಕೆಜಿಯ ಚಿಕ್ಕದನ್ನು ಒಯ್ಯುತ್ತಾರೆ. ಫೈಬರ್ ದೋಣಿ ಕೊಂಡವರು ಕಾರಿನ ಬ್ಯಾಟರಿಯನ್ನೋ, ಅದಕ್ಕಿಂತ ದೊಡ್ಡದನ್ನೋ ಕೇಳುತ್ತಾರೆ.

ಪ್ರತಿಯೊಬ್ಬರಿಗೂ ನಾನು ಕೇಳುವ ಪ್ರಶ್ನೆ ಒಂದೇ: "ಇದನ್ನ ದೋಣಿಯಾಗ ಎಲ್ಲಿಡ್ತೀರಿ?"

ಬರುವ ಉತ್ತರವೂ ಒಂದೇ: "ಎಲ್ಲೆರ ಒಂದ್ ಕಡೆ ಇಟ್ರಾತು ಬಿಡ್ರೀ ಅಕ್ಕಾ. ಅದೇನ್ ಕೂಸೇನು?"

ನನ್ನ ಜಗಳ ಈ ಮಾತಿನ ಜೊತೆಗೆ. ಇದು ಆ ಬಡ ಮೀನುಗಾರ ಹುಟ್ಟಿಸಿದ ಮಾತಲ್ಲ. ದೋಣಿ ಕಟ್ಟುವವರು, ಬ್ಯಾಟರಿ ಮಾಡುವವರು, ಮಾರುವವರು, ಸಹಾಯಧನ ಕೊಡುವವರು ಎಲ್ಲರೂ ಸೇರಿ ಅವನ ಬಾಯಿಗೆ ಹಾಕಿದ ಮಾತು. ಅವರಲ್ಲಿ ಒಬ್ಬರೂ ದೋಣಿಯಲ್ಲಿ ಬ್ಯಾಟರಿಗೊಂದು ಜಾಗ ಬೇಕೆಂದು ಹೇಳಲಿಲ್ಲ. ಎಂಜಿನ್ನಿಗೆ ಜಾಗ ಉಂಟು, ಬಲೆಗೆ ಉಂಟು, ಮೀನಿಗೆ ಉಂಟು, ಕೊನೆಗೆ ಊಟದ ಡಬ್ಬಿಗೂ ಒಂದು ಗೂಟ ಉಂಟು. ಬ್ಯಾಟರಿಗೆ ಮಾತ್ರ ಎಲ್ಲರೂ ಕುಳಿತ ಮೇಲೆ ಉಳಿದ ಮೂಲೆ. ದೋಣಿ ಕಟ್ಟುವ ದಿನವೇ ಬ್ಯಾಟರಿಯ ಜಾಗ ಗೊತ್ತಾಗಬೇಕು, ನೀರಿಗಿಳಿಸುವ ದಿನ ಹುಡುಕುವುದಲ್ಲ. ಇದು ನನ್ನ ವಾದ.

ನಮ್ಮ ಹರಪನಹಳ್ಳಿ ತಾಲ್ಲೂಕಿನವರಿಗೆ ಈ ಸಂಕಟ ಬೇಗ ಅರ್ಥವಾಗಬೇಕು. ಬಳ್ಳಾರಿಯಲ್ಲಿದ್ದ ನಮ್ಮನ್ನು 1997ರಲ್ಲಿ ಎತ್ತಿ ದಾವಣಗೆರೆಯಲ್ಲಿಟ್ಟರು. ಮುಂದೆ ಮತ್ತೆ ಎತ್ತಿ ಬಳ್ಳಾರಿಯಲ್ಲಿಟ್ಟರು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ ಸಾಗಿಸಿದರು. ಎತ್ತಿಟ್ಟ ಕಡೆ ಕೂರುವುದು ಎಂದರೇನೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ತಾಲ್ಲೂಕು ಅಲುಗಾಡಿದರೆ ಹೆಚ್ಚೆಂದರೆ ಕಾಗದಪತ್ರಕ್ಕೆ ಅಲೆದಾಟ. ಬ್ಯಾಟರಿ ಅಲುಗಾಡಿದರೆ ದೋಣಿಯೇ ಮಗುಚೀತು.

ಮೊದಲು ಭಾರದ ವಿಷಯ ನೋಡಿ. ಸೊಂಟದ ಮೇಲೆ ತುಂಬಿದ ಕೊಡ ಹೊತ್ತ ಹೆಂಗಸು ನೆಟ್ಟಗೆ ನಡೆಯುವುದನ್ನು ಎಲ್ಲಾದರೂ ಕಂಡಿದ್ದೀರಾ? ಕೊಡ ಎಡಕ್ಕಿದ್ದರೆ ಮೈ ಬಲಕ್ಕೆ ವಾಲುತ್ತದೆ, ಇಲ್ಲದಿದ್ದರೆ ಬೀಳುತ್ತೇವೆ. ನಮಗೆ ವಾಲಲು ಬೆನ್ನುಂಟು, ದೋಣಿಗೆ ಇಲ್ಲ. ಒಂದೂವರೆ ಮೀಟರ್ ಅಗಲದ ದೋಣಿಯ ಪಕ್ಕದ ಅಂಚಿಗೆ ಮೂವತ್ತು ಕೆಜಿಯ ಬ್ಯಾಟರಿ ಒರಗಿಸಿದರೆ ದೋಣಿ ಆ ಕಡೆಗೇ ಬಗ್ಗಿ ನಿಲ್ಲುತ್ತದೆ. ಬಲೆ ಎಳೆಯುವವರೂ ಅದೇ ಮಗ್ಗುಲಿಗೆ ಬಾಗಿದರೆ ನೀರಿಗೂ ಅಂಚಿಗೂ ನಡುವೆ ಉಳಿಯುವುದು ನಾಲ್ಕು ಬೆರಳು. ಹಾಗೆಂದು ಹಲಗೆಯ ಮೇಲೆ ಎತ್ತರಕ್ಕಿಟ್ಟರೂ ಆಗದು. ಭಾರ ಮೇಲೆ ಹೋದಷ್ಟೂ ದೋಣಿ ತೂರಾಡುತ್ತದೆ. ಭಾರವಾದದ್ದು ತಗ್ಗಿನಲ್ಲಿರಬೇಕು, ನಡುಗೆರೆಯ ಮೇಲಿರಬೇಕು.

ಹಾಗಾದರೆ ಹಿಂದೆ ಇಡೋಣ ಎನ್ನುತ್ತಾರೆ. ಹೆಚ್ಚಿನವರು ಇಡುವುದೂ ಅಲ್ಲೇ. ನಮ್ಮ ರೈತರ ಮನೆಯ ಹೆಣ್ಣುಮಕ್ಕಳಿಗೆ ಬಂಡಿ ಹೇರುವುದು ಗೊತ್ತು. ಹಿಂದೆ ಹೇರು ಹೆಚ್ಚಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳು ಹಿಡಿಯುತ್ತದೆ. ದೋಣಿಯ ಹಿಂಭಾಗದಲ್ಲಿ ಆಗಲೇ ಎಂಜಿನ್ ಇದೆ, ಎಣ್ಣೆಯ ಕ್ಯಾನು ಇದೆ, ಚುಕ್ಕಾಣಿ ಹಿಡಿದ ಮನುಷ್ಯ ಇದ್ದಾನೆ. ಬ್ಯಾಟರಿಯನ್ನೂ ಅಲ್ಲೇ ತುರುಕಿದರೆ ಹಿಂಭಾಗ ತಗ್ಗಿ ಮೂತಿ ಮೇಲೇಳುತ್ತದೆ, ಬೆನ್ನಟ್ಟಿ ಬರುವ ಅಲೆಗೆ ಒಳಗೆ ಬರಲು ಬಾಗಿಲು ತೆರೆದಂತಾಗುತ್ತದೆ.

ಸರಿ, ಮೂತಿಯ ಕಡೆ? ಕೆಂಪು ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತು ಹರಪನಹಳ್ಳಿಯಿಂದ ಹೊಸಪೇಟೆಗೆ ಹೋದವರನ್ನು ಕೇಳಿ. ಗುಂಡಿಯೊಂದು ಬಂದರೆ ಕೊನೆಯ ಸೀಟಿನವರ ತಲೆ ಚಾವಣಿಗೆ, ನಡುವಿನ ಸೀಟಿನವರಿಗೆ ಬರೀ ಒಂದು ಜೋಲಿ. ದೋಣಿಗೆ ಅಲೆಗಳೇ ಗುಂಡಿ, ಹೆಚ್ಚು ಪೆಟ್ಟು ತಿನ್ನುವುದು ಮೂತಿ. ಬ್ಯಾಟರಿಯ ಒಳಗಿರುವುದು ಸೀಸದ ಫಲಕಗಳು. ಅವಕ್ಕೆ ಹಚ್ಚಿದ ಲೇಪ ಕುಲುಕಾಟಕ್ಕೆ ಉದುರಿ ತಳ ಸೇರುತ್ತದೆ, ಫಲಕಕ್ಕೆ ಫಲಕ ತಾಗಿದ ದಿನ ಬ್ಯಾಟರಿ ಸತ್ತಂತೆ. ಮೂರು ವರ್ಷ ಬರಬೇಕಾದದ್ದು ಒಂದು ವರ್ಷಕ್ಕೇ ಕೈಕೊಟ್ಟರೆ ಮೀನುಗಾರ ಬಂದು ಅಂಗಡಿಯವರನ್ನು ಬೈಯುತ್ತಾನೆ, ಅಂಗಡಿಯವರು ಕಂಪನಿಯನ್ನು ಬೈಯುತ್ತಾರೆ. ಜಾಗವನ್ನು ಬೈಯುವವರು ಯಾರೂ ಇಲ್ಲ.

ಆದ್ದರಿಂದ ನಡುವೆ, ಹಿಂದೆ ಎಂಜಿನ್ ಇದ್ದರೆ ನಡುವಿಗಿಂತ ತುಸು ಮುಂದೆ. ತಳಕ್ಕೆ ಹತ್ತಿರ, ಆದರೆ ತಳದ ಮೇಲಲ್ಲ. ಏಕೆಂದರೆ ದೋಣಿಯ ತಳದಲ್ಲಿ ಯಾವಾಗಲೂ ಒಂದಿಷ್ಟು ನೀರು ತುಳುಕುತ್ತಲೇ ಇರುತ್ತದೆ. ಒಂದು ಗೇಣು ಎತ್ತರದ ಹಲಗೆ, ಅದರ ಮೇಲೆ ಪ್ಲಾಸ್ಟಿಕ್ ಪೆಟ್ಟಿಗೆ, ಪೆಟ್ಟಿಗೆಗೆ ಮುಚ್ಚಳ, ಮುಚ್ಚಳದ ಮಗ್ಗುಲಿಗೆ ಗಾಳಿಯಾಡುವ ತೂತು, ಅಡ್ಡಡ್ಡ ಉದ್ದುದ್ದ ಎರಡು ಪಟ್ಟಿ ಬಿಗಿತ. ದೋಣಿ ಒಂದು ಮಗ್ಗುಲಿಗೆ ಪೂರ್ತಿ ವಾಲಿದರೂ ಪೆಟ್ಟಿಗೆ ಕದಲಕೂಡದು. ಇಷ್ಟಕ್ಕೆ ಎಂಜಿನಿಯರೇನೂ ಬೇಕಿಲ್ಲ, ನಮ್ಮ ಓಣಿಯ ಬಡಿಗನೊಬ್ಬ ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸ.

ಭಾರ ಮುಗಿಯಿತು, ಗಾಳಿಯ ಮಾತಿಗೆ ಬರೋಣ. ಚಾರ್ಜ್ ಆಗುವಾಗ ಈ ಬ್ಯಾಟರಿಗಳು ಜಲಜನಕ ಬಿಡುತ್ತವೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಜಲಜನಕ ಗಾಳಿಗಿಂತ ಹಗುರ, ಮೇಲೇರಿ ಹೋಗಲು ದಾರಿ ಬಿಟ್ಟರೆ ಹೋಗುತ್ತದೆ. ಪೆಟ್ರೋಲಿನ ಆವಿ ತದ್ವಿರುದ್ಧ. ಅದು ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕಾಣದಂತೆ ಮಲಗಿರುತ್ತದೆ. ಒಂದು ಮೇಲೇರುವುದು, ಒಂದು ಕೆಳಗಿಳಿಯುವುದು. ಎರಡನ್ನೂ ಒಂದೇ ಹಲಗೆಯ ಕೆಳಗೆ ಮುಚ್ಚಿಟ್ಟು, ಪಕ್ಕದಲ್ಲಿ ಸಡಿಲವಾದ ತಂತಿಯೊಂದನ್ನು ಜೋಲು ಬಿಟ್ಟರೆ ಅದನ್ನು ಏನೆಂದು ಕರೆಯೋಣ? ಕರಾವಳಿಯ ಒಂದು ಬಂದರಿಗೆ ಹೋದಾಗ ದಡದಲ್ಲಿ ಸಾಲಾಗಿ ನಿಂತ ದೋಣಿಗಳನ್ನು ಬಗ್ಗಿ ಬಗ್ಗಿ ನೋಡಿದ್ದೇನೆ. ಹಿಂಬದಿಯ ಹಲಗೆಯ ಕೆಳಗೆ ಎಣ್ಣೆ ಕ್ಯಾನು ಮತ್ತು ಬ್ಯಾಟರಿ ಒಂದೇ ತೊಟ್ಟಿಲಲ್ಲಿ ಮಲಗಿಸಿದ ಅವಳಿ ಮಕ್ಕಳಂತಿದ್ದವು.

ಕರಾವಳಿಯವರಿಗೆ ನಮಗಿಲ್ಲದ ಇನ್ನೊಂದು ಭಯವೂ ಇದೆ. ಉಪ್ಪುನೀರು ಬ್ಯಾಟರಿಯ ಒಳಗಿಳಿದರೆ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಜಲಾಂತರ್ಗಾಮಿಗಳ ನಾವಿಕರು ನೂರು ವರ್ಷದ ಹಿಂದೆಯೇ ಇದಕ್ಕೆ ಹೆದರಿದ್ದರು. ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆ ಮಾಡಿ ತೋರಿಸಿದ್ದು 1859ರಲ್ಲಿ. ಇಷ್ಟು ಹಳೆಯ ವಸ್ತುವಿನ ಗುಣಾವಗುಣ ಇನ್ನೂ ನಮ್ಮ ದೋಣಿಯವನ ಕಿವಿಗೆ ಬಿದ್ದಿಲ್ಲವೆಂದರೆ ತಪ್ಪು ಕಿವಿಯದಲ್ಲ, ಹೇಳಬೇಕಾದ ಬಾಯಿಗಳದ್ದು.

ಆಮ್ಲದ ಮಾತು ನಮ್ಮ ಓದುಗ ಅಕ್ಕಂದಿರಿಗೆ ಬೇಗ ಹಿಡಿಸೀತು. ಬ್ಯಾಟರಿ ನೀರಿನ ಹನಿ ಕಾಟನ್ ಸೀರೆಯ ಮೇಲೆ ಬಿದ್ದರೆ ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಒಗೆದು ಹಿಂಡಿದಾಗ ಹನಿ ಬಿದ್ದಲ್ಲೆಲ್ಲ ಜರಡಿ. ಮೀನಿನ ಬಲೆಯ ನೈಲಾನಿಗೂ ಈ ಆಮ್ಲ ಆಗಿಬರುವುದಿಲ್ಲ, ಎಳೆ ಸೆಡೆತು ತುಂಡಾಗುತ್ತದೆ. ಆದರೂ ನಮ್ಮ ಹಿನ್ನೀರಿನ ಹರಿಗೋಲುಗಳಲ್ಲಿ ಬ್ಯಾಟರಿಯ ಮೇಲೆಯೇ ಬಲೆ ಒಟ್ಟುತ್ತಾರೆ, ನೀರು ಸಿಡಿಯದಿರಲಿ ಎಂದು. ಒದ್ದೆಯಾಗದಿರಲಿ ಎಂಬ ಕಾಳಜಿ ಒಳ್ಳೆಯದೇ. ಆದರೆ ವಾರಕ್ಕೊಮ್ಮೆ ಬಲೆ ಹರಿದು ಬಂದಾಗ ಅಂಗಳದಲ್ಲಿ ಕುಳಿತು ನೇಯುವವಳು ಹೆಂಡತಿ. "ದೊಡ್ಡ ಮೀನ ಸಿಕ್ಕಿತ್ತು, ಹರಕೊಂಡು ಹೋತು" ಎಂದು ಅವನು ಹೇಳುತ್ತಾನೆ, ಇವಳು ನಂಬುತ್ತಾಳೆ. ಎಳೆಯ ತುದಿ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದಲ್ಲ, ಮೀನು ಹರಿದ ಎಳೆ ಹಾಗಿರುವುದಿಲ್ಲ.

ಒಮ್ಮೆ ಹಿನ್ನೀರಿನ ಕಡೆಯ ಹುಡುಗನೊಬ್ಬ ಅಂಗೈಗೆ ಬಟ್ಟೆ ಸುತ್ತಿಕೊಂಡು ನಮ್ಮ ಅಂಗಡಿಗೆ ಬಂದ. ಇಪ್ಪತ್ತೂ ತುಂಬಿರದ ಹುಡುಗ. ಬಲೆಯ ಕೆಳಗೆ ಬ್ಯಾಟರಿ ಇತ್ತು, ಬಲೆಯೊಳಗೆ ಸಿಕ್ಕಿಕೊಂಡಿದ್ದ ಕಬ್ಬಿಣದ ಕೊಕ್ಕೆ ಅದರ ಎರಡೂ ಟರ್ಮಿನಲ್ಲಿಗೆ ಅಡ್ಡ ಬಿದ್ದಿತ್ತು. ಹನ್ನೆರಡು ವೋಲ್ಟೆಂದರೆ ಮುಟ್ಟಿದರೂ ಶಾಕ್ ಹೊಡೆಯದು, ಮಕ್ಕಳಾಟಿಕೆ ಎಂದುಕೊಳ್ಳುತ್ತಾರೆ. ನಿಜ, ಶಾಕ್ ಹೊಡೆಯದು. ಆದರೆ ಕಬ್ಬಿಣ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಒಂದೇ ಉಸಿರಿಗೆ ಹರಿದು ಕೊಕ್ಕೆ ಕೆಂಡವಾಗುತ್ತದೆ. ನೈಲಾನ್ ಕರಗಿ ಹೊತ್ತಿಕೊಂಡಿತು, ಹರಿಗೋಲಿಗೆ ಬಳಿದಿದ್ದ ಡಾಂಬರು ಹೊಗೆಯಾಡಿತು. ಹುಡುಗ ಕೊಕ್ಕೆಯನ್ನು ಬರಿಗೈಯಲ್ಲಿ ಕಿತ್ತೆಸೆದು, ಬಲೆಯನ್ನು ನೀರಿಗೆ ತಳ್ಳಿ, ದೀಪವಿಲ್ಲದ ಕತ್ತಲಲ್ಲಿ ದಡ ಯಾವ ಕಡೆ ಎಂದು ತಿಳಿಯದೆ ಬೆಳಕು ಹರಿಯುವವರೆಗೆ ನೀರಿನ ಮೇಲೆ ಕುಳಿತಿದ್ದ. ಅವನು ನಮ್ಮ ಅಂಗಡಿಗೆ ಬಂದದ್ದು ದೂರಲು ಅಲ್ಲ. ಹೊಸ ಬ್ಯಾಟರಿ ಕೊಳ್ಳಲು.

ಆ ದಿನ ನಮ್ಮವರು ಎರಡು ರಬ್ಬರ್ ಟೊಪ್ಪಿಗೆ ತೊಡಿಸಿ, ಕೆಂಪು ತಂತಿಯ ಬುಡದಲ್ಲೇ ಒಂದು ಫ್ಯೂಸ್ ಕಟ್ಟಿಕೊಟ್ಟರು. ಫ್ಯೂಸ್ ಇರಬೇಕಾದದ್ದು ದೀಪದ ಪಕ್ಕದಲ್ಲಲ್ಲ, ಬ್ಯಾಟರಿಯ ಪಕ್ಕದಲ್ಲಿ. ತಂತಿ ನಡುವೆ ಎಲ್ಲಿ ಸವೆದು ತಾಗಿದರೂ ಬುಡದಲ್ಲೇ ಹರಿವು ನಿಲ್ಲಬೇಕು. ಟೊಪ್ಪಿಗೆ, ಫ್ಯೂಸ್ ಎರಡಕ್ಕೂ ಸೇರಿ ಆದ ಖರ್ಚು ಒಂದು ಹೊತ್ತಿನ ಚಹಾ ಮಂಡಕ್ಕಿಯಷ್ಟು. ಆ ಹುಡುಗ ನೀರಿಗೆ ತಳ್ಳಿದ ಬಲೆಯ ಬೆಲೆ ಎಷ್ಟೆಂದು ಯಾವ ಮೀನುಗಾರನ ಮನೆಯಲ್ಲಾದರೂ ವಿಚಾರಿಸಿ ನೋಡಿ.

ತಂತಿಯ ಉದ್ದದ ಮೇಲೂ ಜಾಗ ನಿಂತಿದೆ. ಬ್ಯಾಟರಿ ಒಂದು ತುದಿಗೆ, ದೀಪ ಹತ್ತು ಮೀಟರ್ ದೂರದ ಇನ್ನೊಂದು ತುದಿಗೆ, ನಡುವೆ ಅಗ್ಗದ ಒಂದು ಚದರ ಮಿಲಿಮೀಟರ್ ತಂತಿ. ಐದು ಆಂಪಿಯರ್ ಎಳೆದರೆ ಹೋಗಿ ಬರುವ ಇಪ್ಪತ್ತು ಮೀಟರಿನಲ್ಲಿ ಹೆಚ್ಚುಕಡಿಮೆ 1.8 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಹನ್ನೆರಡರಲ್ಲಿ ಸುಮಾರು ಎರಡು ಕಳೆದರೆ ಉಳಿದದ್ದೆಷ್ಟು? ದೀಪ ಮಂಕಾಗುತ್ತದೆ, ಜಿಪಿಎಸ್ ಕಣ್ಣು ಮುಚ್ಚುತ್ತದೆ. ಆಗ "ದೊಡ್ಡ ಬ್ಯಾಟರಿ ಹಾಕಿಸು" ಎಂಬ ಸಲಹೆ. ದೊಡ್ಡ ಬ್ಯಾಟರಿ ಎಂದರೆ ಇನ್ನಷ್ಟು ಭಾರ, ಇನ್ನಷ್ಟು ಸಾಲ. ಬ್ಯಾಟರಿ ನಡುವಿನಲ್ಲಿದ್ದು ತಂತಿ ದಪ್ಪಗಿದ್ದರೆ ಚಿಕ್ಕದೇ ಸಾಕಾಗುತ್ತಿತ್ತು. ಹೀಗೆ ಹೇಳಿದರೆ ವ್ಯಾಪಾರ ಕಡಿಮೆಯಾಗುತ್ತದೆಂದು ನನ್ನ ಕಿವಿ ಹಿಂಡಿದವರೂ ಇದ್ದಾರೆ. ಗಿರಾಕಿ ಜೀವಂತವಾಗಿದ್ದರಲ್ಲವೇ ಮುಂದಿನ ವ್ಯಾಪಾರ?

ಈಗ ನನ್ನ ವಿರೋಧಿಗಳ ಮಾತು ಕೇಳೋಣ. ಅವರಿಗೂ ಬಾಯಿದೆ.

"ನಮ್ಮ ಅಜ್ಜ ಮುತ್ತಜ್ಜ ಬ್ಯಾಟರಿಯೇ ಇಲ್ಲದೆ ಮೀನು ಹಿಡಿಯಲಿಲ್ಲವೇ?" ಹಿಡಿದರು. ಅವರ ದೋಣಿಯಲ್ಲಿ ಬ್ಯಾಟರಿ ಇರಲಿಲ್ಲ, ಹಾಗಾಗಿ ಅದನ್ನು ಎಲ್ಲಿಡಬೇಕೆಂಬ ಜ್ಞಾನವೂ ಅವರಿಂದ ಬರಲಿಲ್ಲ. ಹುಟ್ಟು ಹಾಕುವುದನ್ನು, ಗಾಳಿ ನೋಡುವುದನ್ನು ಅಜ್ಜ ಕಲಿಸಿದ. ಬ್ಯಾಟರಿ ತಂದುಕೊಟ್ಟವರು ಅದರ ಪಾಠವನ್ನೂ ತಂದುಕೊಡಬೇಕಿತ್ತು. ವಸ್ತು ಕೊಟ್ಟರು, ಪಾಠ ತಮ್ಮಲ್ಲೇ ಇಟ್ಟುಕೊಂಡರು.

"ಈಗಿನವು ಸೀಲ್ಡ್ ಬ್ಯಾಟರಿ, ಗಾಳಿಯೂ ಬರದು, ನೀರೂ ಸೋರದು." ಅರ್ಧ ಸತ್ಯ. ಅವುಗಳಿಗೂ ಒಂದು ವಾಲ್ವ್ ಇದೆ. ಅಗ್ಗದ ಚಾರ್ಜರಿನಲ್ಲಿ ರಾತ್ರಿಯಿಡೀ ಹಾಕಿಬಿಟ್ಟರೆ ಒತ್ತಡ ತಾಳದೆ ಅದೇ ಜಲಜನಕವನ್ನು ಹೊರಗೆ ಬಿಡುತ್ತವೆ. ಸೀಲ್ಡ್ ಎಂದು ನಂಬಿ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡುವುದು ಇನ್ನೂ ದೊಡ್ಡ ಅಪಾಯ.

"ಲಿಥಿಯಂ ಬಂದಿದೆ, ಇನ್ನೇನು ಚಿಂತೆ?" ಲಿಥಿಯಂ ಫಾಸ್ಫೇಟ್ ಬ್ಯಾಟರಿ ಒಳ್ಳೆಯದೇ. ಸೀಸದ್ದರ ಮೂರನೇ ಒಂದು ಪಾಲಿನಷ್ಟು ಭಾರ, ಆಮ್ಲದ ಕಾಟವಿಲ್ಲ. ಬೆಲೆ ಕೈಗೆಟಕಿದವರು ಕೊಳ್ಳಲಿ. ಆದರೆ ಅದಕ್ಕೂ ನೀರು ಆಗದು, ಕುಲುಕಾಟ ಆಗದು, ಟರ್ಮಿನಲ್ಲಿಗೆ ಕಬ್ಬಿಣ ಅಡ್ಡ ಬಿದ್ದರೆ ಅದೂ ಸುಮ್ಮನಿರದು. ಸೀಸದ ಬ್ಯಾಟರಿ ಸಾಯುವ ಮುನ್ನ ದೀಪ ಮಂಕಾಗಿ ಸೂಚನೆ ಕೊಡುತ್ತದೆ. ಇದು ಕೊನೆಯವರೆಗೂ ಝಗಮಗಿಸಿ ಒಮ್ಮೆಲೇ ಕತ್ತಲು ಮಾಡುತ್ತದೆ. ಹೊಸ ಸೊಸೆ ಬಂದಳೆಂದು ಮನೆಗೆ ಅಟ್ಟ, ಕೋಣೆ ಬೇಡವೆನ್ನಲಾಗುತ್ತದೆಯೇ?

"ಎಂಜಿನ್ ಹಗ್ಗ ಎಳೆದರೆ ಚಾಲೂ ಆಗುತ್ತದೆ, ಬ್ಯಾಟರಿ ಸತ್ತರೂ ದಡಕ್ಕೆ ಬರಬಹುದು." ಬರಬಹುದು, ದಡ ಎಲ್ಲಿದೆಯೆಂದು ಕಂಡರೆ. ಕತ್ತಲಲ್ಲಿ ದೀಪವಿಲ್ಲದ ಸಣ್ಣ ದೋಣಿ ಬೇರೆಯವರ ಕಣ್ಣಿಗೂ ಬೀಳದು. ಸಮುದ್ರದಲ್ಲಾದರೆ ದೊಡ್ಡ ಬೋಟು ಮೇಲೆ ಹಾಯ್ದರೂ ಹಾಯ್ದವರಿಗೆ ಗೊತ್ತಾಗದು.

ಕರಾವಳಿಯ ಒಂದು ವಿಚಿತ್ರ ನೋಡಿ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಮೀನು ಮರಿ ಮಾಡುವ ಕಾಲ, ಒಳ್ಳೆಯ ಕ್ರಮ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಬಡವರ ಹೊಟ್ಟೆಗೆ ಕಲ್ಲು ಹಾಕಬಾರದೆಂದು ಅದೂ ಸರಿಯೇ. ಆದರೆ ಇದರ ಅರ್ಥವೇನು? ವರ್ಷದಲ್ಲೇ ಅತಿ ಕೆಟ್ಟ ಗಾಳಿಮಳೆಯ ಎರಡು ತಿಂಗಳು, ದೊಡ್ಡ ಬೋಟುಗಳು ಬಂದರಿನಲ್ಲಿ ಹಗ್ಗ ಕಟ್ಟಿಸಿಕೊಂಡು ನಿಂತಿರುವಾಗ, ಅತಿ ಚಿಕ್ಕ ದೋಣಿಗಳು ನೀರಿನಲ್ಲಿರುತ್ತವೆ. ಒಂದು ಕಟ್ಟಿದ ಪೆಟ್ಟಿಗೆ, ಒಣಗಿದ ಟರ್ಮಿನಲ್, ಆರದ ದೀಪ ಯಾರಿಗೆ ಹೆಚ್ಚು ಬೇಕು? ನಾವು ದೊಡ್ಡ ಬೋಟಿಗೆ ಬ್ಯಾಟರಿ ಕೋಣೆ ಕಟ್ಟಿ, ಚಿಕ್ಕ ದೋಣಿಗೆ "ಎಲ್ಲೆರ ಇಡು" ಎನ್ನುತ್ತೇವೆ.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಎಂಬ ಯಂತ್ರವನ್ನು 13 ಕರಾವಳಿ ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ದೋಣಿಗಳಿಗೆ ಹಾಕುವ ಸುಮಾರು 364 ಕೋಟಿ ರೂಪಾಯಿಯ ಯೋಜನೆಗೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ಕೊಟ್ಟರು. ಅಪಾಯದಲ್ಲಿರುವವನು ಕಡಲಿನಿಂದಲೇ ದಡಕ್ಕೆ ಸುದ್ದಿ ಮುಟ್ಟಿಸಬಹುದು. ಸಂತೋಷ. ಆದರೆ ಆಕಾಶದ ಉಪಗ್ರಹದವರೆಗೆ ಲೆಕ್ಕ ಹಾಕಿದವರು, ಆ ಯಂತ್ರಕ್ಕೆ ಅನ್ನ ಹಾಕುವ ಬ್ಯಾಟರಿ ದೋಣಿಯ ತಳದ ನೀರಿನಲ್ಲಿ ತೇಲುತ್ತಿದೆಯೇ ಎಂದು ಬಗ್ಗಿ ನೋಡಬೇಡವೇ? 12 ಮೀಟರಿಗಿಂತ ಚಿಕ್ಕ ಮೀನುದೋಣಿಗಳ ಸುರಕ್ಷತೆಗಾಗಿ ವಿಶ್ವಸಂಸ್ಥೆಯ ಆಹಾರ, ಕಾರ್ಮಿಕ, ಸಾಗರಯಾನ ಸಂಸ್ಥೆಗಳು ಸೇರಿ 2012ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿವೆ. ಕೊಚ್ಚಿಯಲ್ಲಿ 1957ರಿಂದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ತಿಳಿದವರಿಗೆ ಬರವಿಲ್ಲ. ಆದರೆ ನಮ್ಮ ಅಂಗಡಿಗೆ ಬರುವ ಡಬ್ಬಿಯ ಒಳಗಿರುವುದು ಇಂಗ್ಲಿಷಿನ ಒಂದು ವಾರಂಟಿ ಕಾರ್ಡು ಮಾತ್ರ. ಅದರಲ್ಲಿ ಯಾವ ಯಾವ ಕಾರಣಕ್ಕೆ ಕಂಪನಿ ಜವಾಬ್ದಾರಿಯಲ್ಲ ಎಂಬುದು ಸವಿಸ್ತಾರವಾಗಿ ಇರುತ್ತದೆ. ಒಮ್ಮೆ ಒಬ್ಬ ಮಾರಾಟ ಪ್ರತಿನಿಧಿಯನ್ನು ಕೇಳಿದೆ, ಕನ್ನಡದಲ್ಲಿ ಒಂದು ಚೀಟಿ, ಒಂದು ಚಿತ್ರ ಹಾಕಬಾರದೇ ಎಂದು. "ಮೇಡಂ, ಅದನ್ನೆಲ್ಲ ಯಾರು ಓದುತ್ತಾರೆ?" ಎಂದು ನಕ್ಕ. ಓದುವಂತೆ ಬರೆದು ಕೊಟ್ಟ ಮೇಲೆ ಆ ಮಾತು ಆಡಬೇಕಿತ್ತು.

ಹಾಗಾದರೆ ಪಟ್ಟಣದ ಮನೆಯಲ್ಲಿ ಕುಳಿತು ಇದನ್ನು ಓದುತ್ತಿರುವ ನಿಮಗೂ ಇದಕ್ಕೂ ಏನು ಸಂಬಂಧ? ಎದ್ದು ಹೋಗಿ ನಿಮ್ಮ ಮನೆಯ ಇನ್ವರ್ಟರ್ ಬ್ಯಾಟರಿ ಎಲ್ಲಿದೆ ನೋಡಿ ಬನ್ನಿ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಗೂಡಿನಲ್ಲಿಯೇ? ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿಯೇ? ಮಗು ಮಲಗುವ ಕೋಣೆಯಲ್ಲಿಯೇ? ದೇವರ ಮನೆಯಲ್ಲಿ ನಂದಾದೀಪದ ಕೆಳಗೆ ಇಟ್ಟಿದ್ದನ್ನೂ ನಾನು ಕಂಡಿದ್ದೇನೆ. ಐವತ್ತೈದು ಅರವತ್ತು ಕೆಜಿಯ ಆ ಪೆಟ್ಟಿಗೆ ಮನೆಗೆ ಬಂದ ದಿನ ಜಾಗ ಯಾರು ಹೇಳಿದರು? ಫಿಟ್ಟಿಂಗಿನ ಹುಡುಗ ತೋರಿಸಿದ, ಮನೆಯ ಯಜಮಾನರು ತಲೆಯಾಡಿಸಿದರು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುವವರು ಯಾರು? ಅದರ ಸುತ್ತ ಕಸ ಗುಡಿಸುವವರು ಯಾರು? ನೀವು. ಗಾಳಿ ಬರುವಲ್ಲಿ, ಬೆಂಕಿಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ, ನಿಮ್ಮ ಕೈಗೆ ಸಿಗುವಂತೆ ಇಡಿರೆಂದು ಕೇಳಲು ನಿಮಗೆ ಪೂರ್ತಿ ಹಕ್ಕಿದೆ. ಸೆಕೆಯ ಗೂಡಿನಲ್ಲಿಟ್ಟರೆ ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧ ಕಡಿಮೆಯಾಗುತ್ತದೆ ಎಂಬ ಲೆಕ್ಕ ಹೇಳಿ, ದುಡ್ಡಿನ ಮಾತಿಗೆ ಯಜಮಾನರು ಕಿವಿಗೊಡುತ್ತಾರೆ. ಆಮ್ಲ ನೆಲಕ್ಕೆ ಚೆಲ್ಲಿದರೆ ಅಡುಗೆ ಸೋಡಾ ಉದುರಿಸಿ. ಮೈಗೆ ತಾಗಿದರೆ ಧಾರಾಳ ನೀರು ಸುರಿಯಿರಿ.

ಮನೆಯಲ್ಲಿ ಬ್ಯಾಟರಿ ಕೆಟ್ಟ ಜಾಗದಲ್ಲಿದ್ದರೆ ನಮಗೆ ಓಡಿಹೋಗಲು ಬೀದಿ ಇದೆ. ದೋಣಿಯಲ್ಲಿರುವವನಿಗೆ ಸುತ್ತ ನೀರು. ಮನೆಗೆ ಬೇಕಾದ ಎಚ್ಚರ ಒಂದು ಪಾಲಾದರೆ ದೋಣಿಗೆ ನಾಲ್ಕು ಪಾಲು ಬೇಕು. ನಡೆಯುತ್ತಿರುವುದು ಉಲ್ಟಾ.

ಕೊನೆಯದಾಗಿ ಹೆಂಗಸರಿಗೆ ಸಂಬಂಧಪಟ್ಟ ಒಂದು ಲೆಕ್ಕ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿಗಳಿಗೆ ಸಾಮಾನ್ಯವಾಗಿ ನೂರಕ್ಕೆ 40 ಸಹಾಯಧನ. ಪರಿಶಿಷ್ಟ ಜಾತಿ, ಪಂಗಡದವರಿಗೂ ಮಹಿಳೆಯರಿಗೂ ನೂರಕ್ಕೆ 60. ಇದರ ಪರಿಣಾಮ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅರ್ಜಿಯ ಮೇಲೆ ಹೆಂಡತಿಯ ಹೆಸರು, ಫೋಟೋ, ಸಹಿ. ಉಳಿದ ಪಾಲಿಗೆ ಒತ್ತೆ ಇಡುವುದು ಅವಳ ಕೊರಳಿನ, ಕಿವಿಯ ಚಿನ್ನ. ಕಾಗದದ ಮೇಲೆ ಅವಳು ದೋಣಿಯ ಒಡತಿ. ದೋಣಿ ಬಂದ ದಿನ ಕುಂಕುಮ ಹಚ್ಚಿ ಆರತಿ ಎತ್ತುವುದಕ್ಕೆ ಕರೆಯುತ್ತಾರೆ. ದೋಣಿಯೊಳಗೆ ಯಾವುದು ಎಲ್ಲಿದೆಯೆಂದು ತೋರಿಸುವುದಿಲ್ಲ, ಅವಳೂ ಕೇಳುವುದಿಲ್ಲ. "ಅದು ಗಂಡಸರ ವಿಷಯ." ಒತ್ತೆಯಿಟ್ಟ ಚಿನ್ನ ಹೆಂಗಸರ ವಿಷಯ, ಬೆಳಗಿನ ಜಾವ ದಡದಲ್ಲಿ ನಿಂತು ಕಾಯುವುದು ಹೆಂಗಸರ ವಿಷಯ, ಬ್ಯಾಟರಿ ಮಾತ್ರ ಗಂಡಸರ ವಿಷಯವೋ?

ಕೇಳಬೇಕು, ತಾಯಂದಿರೇ. ಹಿನ್ನೀರಿನ ಹಳ್ಳಿಯಲ್ಲಿ ನಿಮ್ಮ ನೆಂಟರಿದ್ದರೆ ಅವರಿಗೆ ಹೇಳಿ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ದೋಣಿಸಾಲದ ಮಾತು ಬಂದರೆ ಹೇಳಿ. ಅಂಗಡಿ ಇಟ್ಟವರಿದ್ದರೆ ಬ್ಯಾಟರಿಯ ಜೊತೆಗೆ ಪೆಟ್ಟಿಗೆ, ಪಟ್ಟಿ, ಟೊಪ್ಪಿಗೆ, ಫ್ಯೂಸ್ ಇವು ನಾಲ್ಕನ್ನೂ ಸೇರಿಸಿಯೇ ಮಾರಿ, ಬಿಡಿಯಾಗಿ ಮಾರಬೇಡಿ. ದೋಣಿಯನ್ನು ಪರಿಶೀಲಿಸಿ ಫೋಟೋ ಹಿಡಿದು ಹೋಗುವ ಅಧಿಕಾರಿಗಳು, ಎಂಜಿನ್ ನಂಬರಿನ ಜೊತೆಗೆ ಬ್ಯಾಟರಿ ಪೆಟ್ಟಿಗೆಯದೂ ಒಂದು ಫೋಟೋ ಹಿಡಿಯಲಿ. ಪೆಟ್ಟಿಗೆ ಇಲ್ಲದಿದ್ದರೆ ಹಣದ ಕೊನೆಯ ಕಂತು ತಡೆಹಿಡಿಯಲಿ. ಒಂದೇ ವರ್ಷದಲ್ಲಿ ದೋಣಿ ಕಟ್ಟುವವರೆಲ್ಲ ನಡುವೆ ಒಂದು ಗೂಡು ಬಿಟ್ಟು ಕಟ್ಟಲು ಕಲಿಯುತ್ತಾರೆ. ಹಣ ತಡೆದರೆ ಕಲಿಯದ ವಿದ್ಯೆ ಇಲ್ಲ.

ಮತ್ತು ನಿಮ್ಮ ಹೆಸರಿನಲ್ಲಿ ದೋಣಿ ಬರುವುದಾದರೆ, ಹೆಬ್ಬೆಟ್ಟು ಒತ್ತುವ ಮುಂಚೆ, ಸಹಿ ಹಾಕುವ ಮುಂಚೆ, ಆರತಿ ತಟ್ಟೆ ಹಿಡಿಯುವ ಮುಂಚೆ ದೋಣಿಯೊಳಗೆ ಕಾಲಿಟ್ಟು ಬ್ಯಾಟರಿ ಎಲ್ಲಿಟ್ಟಿದ್ದೀರಿ, ತೋರಿಸಿ ಎನ್ನಿ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ. ಅಲುಗಾಡಿದರೆ ಸಹಿ ಹಾಕಬೇಡಿ.